ಹೊರಗಿದ್ದವನ ಪಾಲು

ಓಣಿಯ ತುದಿಯಲ್ಲಿ ಒಂದರ ಹಿಂದೊಂದು ಟೆಂಪೊ ಹೋಗುವ ಸದ್ದಿಗೆ ಪ್ರಶಾಂತನಿಗೆ ಎಚ್ಚರವಾಯಿತು. ಯಾರೋ ದೊಡ್ಡವರು ಸತ್ತಿರಬೇಕು ಅಂದುಕೊಂಡು ಮಗ್ಗಲು ಬದಲಿಸಿದ. ಆಮೇಲೆ ಹೆಂಗಸರ ನಗು, ಮಕ್ಕಳ ಕೂಗಾಟ, ಯಾವಳೋ “ಮೊಸರಿನ ಗಡಿಗೆ ಗಟ್ಟಿ ಹಿಡ್ಕಳ್ಳೇ, ಚೆಲ್ಲೀತು” ಎಂದು ಒದರಿದ್ದು ಕೇಳಿಸಿತು. ಹೆಣದ ಹಿಂದೆ ಯಾರೂ ಮೊಸರಿನ ಗಡಿಗೆ ಒಯ್ಯುವುದಿಲ್ಲ. ಅವನು ಎದ್ದು ಕೂತ. ಸಂಕ್ರಾಂತಿ. ದಾವಣಗೆರೆಯ ಅರ್ಧ ಊರು ಇವತ್ತು ಬುತ್ತಿ ಕಟ್ಟಿಕೊಂಡು ಹರಿಹರದ ಹೊಳೆಗೆ ಬರುತ್ತದೆ. ಮೈಗೆ ಎಳ್ಳು ಹಚ್ಚಿಕೊಂಡು ಮುಳುಗಿ, ದಂಡೆಯ ಮೇಲೆ ಜಮಖಾನ ಹಾಸಿ, ಸಜ್ಜೆ ರೊಟ್ಟಿ ಎಣ್ಣೆಗಾಯಿ ಉಂಡು, ಹೊತ್ತು ಇಳಿಯುವ ಮೊದಲು ವಾಪಸ್ಸು ಹೋಗುತ್ತದೆ. ಹುಟ್ಟಿದಾಗಿನಿಂದ ಹೋದ ವರ್ಷದವರೆಗೆ ಅವನೂ ಅಪ್ಪನ ಅಂಗಡಿಯ ಟೆಂಪೊದಲ್ಲಿ ಕೂತು ಬಂದವನೇ. ಅಷ್ಟು ಗೊತ್ತಿದ್ದೂ ಎರಡು ತಿಂಗಳಿಂದ ಬಚ್ಚಿಟ್ಟುಕೊಳ್ಳಲು ಹಿಡಿದದ್ದು ಇದೇ ಊರನ್ನು. ಇಂಥ ಪೆದ್ದತನ ದಾವಣಗೆರೆಯವನ ಕೈಲಿ ಮಾತ್ರ ಆದೀತು ಅನ್ನಿಸಿ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಮನೆಯವರು ತಿಳಿದಂತೆ ಅವನೀಗ ರಷ್ಯಾದಲ್ಲಿ, ವೋಲ್ಗಾ ಎಂಬ ಹೊಳೆಯ ದಂಡೆಯ ಊರೊಂದರಲ್ಲಿ, ಡಾಕ್ಟರಿಕೆ ಓದುತ್ತಿದ್ದಾನೆ. ಸೆಪ್ಟೆಂಬರಿನಲ್ಲಿ ಹೋದದ್ದೇನೋ ನಿಜ. ಹೋಗುವ ಮುನ್ನಾದಿನ ಊರಿನ ಪತ್ರಿಕೆಯಲ್ಲಿ ಟೈ ಕಟ್ಟಿದ ಅವನ ಫೋಟೊ, ‘ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ತೆರಳುತ್ತಿರುವ ಚಿ. ಪ್ರಶಾಂತನಿಗೆ ಶುಭ ಹಾರೈಕೆಗಳು’, ಕೆಳಗೆ ಮಂಡಿಪೇಟೆಯ ವರ್ತಕ ಮಿತ್ರರ ಹೆಸರುಗಳು ಬಂದಿದ್ದವು. ಆ ಫೋಟೊದ ಭಯ ಇನ್ನೂ ಹೋಗಿಲ್ಲ. ಯಾರಾದರೂ ಮಿರ್ಚಿ ಬಜ್ಜಿ ಕಟ್ಟಿಕೊಟ್ಟರೆ ಅವನು ಮೊದಲು ನೋಡುವುದು ಸುತ್ತಿದ ಹಳೆ ಪೇಪರನ್ನು. ನಲವತ್ತೇಳನೆಯ ದಿನಕ್ಕೆ ವಾಪಸ್ಸು ಹೊರಟಿದ್ದ. ದೆಹಲಿಯಲ್ಲಿ ಇಳಿದು, ಹುಬ್ಬಳ್ಳಿಯಲ್ಲಿ ಗಾಡಿ ಬದಲಿಸಿ, ನೆಟ್ಟಗೆ ಮನೆಗೆ ಹೋಗಿ ಅಪ್ಪನ ಕಾಲಿಗೆ ಬೀಳುವುದೆಂದು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತ ಬಂದವನು, ಹರಿಹರದಲ್ಲಿ ಗಾಡಿ ನಿಂತಾಗ ಸೂಟ್‌ಕೇಸು ಎತ್ತಿಕೊಂಡು ಇಳಿದುಬಿಟ್ಟ. ಒಂದೇ ಸ್ಟೇಷನ್ನು ಉಳಿದಿತ್ತು. ಇನ್ನು ಹತ್ತು ನಿಮಿಷಕ್ಕೆ ಬಾತಿ ಗುಡ್ಡ ಕಾಣುತ್ತಿತ್ತು. ಗುಡ್ಡ ಕಂಡರೆ ಊರು ಬಂದ ಹಾಗೇ. ಆ ಗುಡ್ಡವನ್ನು ನೋಡಲು ಧೈರ್ಯ ಸಾಲಲಿಲ್ಲ, ಅಷ್ಟೇ. ಬೇರೆ ಯೋಜನೆ ಏನೂ ಇರಲಿಲ್ಲ.

ಬಾಗಿಲು ಬಡಿದ ಸದ್ದು. “ಬಕ್ಕೇಶ್, ಎದ್ದೀಯೇನಪ್ಪಾ?” ಮನೆಯೊಡತಿ ಖತೀಜಾಬೀ. ಕೆಳಗೆ ಅವಳೂ ಗಂಡ ಬಡೇಸಾಬನೂ ಇರುತ್ತಾರೆ, ಮೇಲಿನ ಒಂದೇ ಕೋಣೆ ಅವನದು. ಬಡೇಸಾಬನದು ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಗಾಡಿ. ಕೋಣೆ ಕೇಳಿಕೊಂಡು ಬಂದ ದಿನ ಬಡೇಸಾಬ ಹೆಸರೇನೆಂದಾಗ ಬಾಯಿಗೆ ಬಂದದ್ದು ಅಪ್ಪನ ಹೆಸರು. ಅದರ ಬಾಲ ಕತ್ತರಿಸಿ ಬಕ್ಕೇಶ್ ಅಂದಿದ್ದ. ಊರು ಬಳ್ಳಾರಿ ಅಂದಿದ್ದ, ಕಂಪ್ಯೂಟರ್ ಕ್ಲಾಸಿಗೆ ಬಂದಿದ್ದೇನೆ ಅಂದಿದ್ದ. ಹಾಗೆ ಅಂದ ತಪ್ಪಿಗೆ ದಿನಾ ಬೆಳಿಗ್ಗೆ ನೋಟ್‌ಬುಕ್ಕು ಹಿಡಿದು ಹೊರಬೀಳುತ್ತಾನೆ, ಲೈಬ್ರರಿಯಲ್ಲಿ ಕೂತು ಎಲ್ಲ ಪೇಪರುಗಳನ್ನೂ ಓದುತ್ತಾನೆ, ಕ್ಲಾಸು ಬಿಡುವ ಹೊತ್ತಿಗೆ ಎದ್ದು ಬರುತ್ತಾನೆ. ಅಲ್ಲಿ ಓದುತ್ತಿದ್ದೇನೆಂದು ನಟಿಸುವವನು ಇಲ್ಲಿಯೂ ಓದುತ್ತಿದ್ದೇನೆಂದು ನಟಿಸುವುದು. ಎರಡನೆಯದು ಹೆಚ್ಚು ಕಷ್ಟ, ಯಾಕೆಂದರೆ ಖತೀಜಾಬೀ ನಂಬುತ್ತಾಳೆ. “ಮಗಾ, ಇವತ್ತು ಪಾಠ ತಲೆಗೆ ಹತ್ತಿತಾ?” ಎಂದು ಕೇಳುತ್ತಾಳೆ.

“ಸಾಬರಿಗೆ ರೋಜಾ, ಗಾಡಿ ದೂಡಾಕೆ ಆಗಂಗಿಲ್ಲ,” ಅಂದಳು. “ಬ್ಯಾಡ ಅಂದ್ರೂ ಕೇಳವಲ್ರು. ಸಂಕ್ರಾಂತಿ ಯಾಪಾರ ವರ್ಷಕ್ಕೊಂದೇ ದಿನ ಅಂತಾರೆ. ಹೊಳಿತನಕ ಒಂದು ಕೈ ಹಚ್ಚಿ ಬಂದುಬಿಡಪ್ಪ.”

ಇವತ್ತು ಬೇಡ ಅನ್ನಲು ಒಂದು ಕಾರಣ ಬೇಕಿತ್ತು. ಜ್ವರ ಅಂದರೆ ಆಕೆ ಹಣೆ ಮುಟ್ಟಿ ನೋಡುತ್ತಾಳೆ. ಅದೂ ಅಲ್ಲದೆ ನೋಡಬೇಕೆಂಬ ಆಸೆ ಅವನಿಗೇ ಇತ್ತು. ದೂರದಿಂದ, ಒಂದು ಸಲ. ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಗಿ, ಖತೀಜಾಬೀಗೆ ಇಲ್ಲ ಅನ್ನಲಾಗದೆ ಹೊರಟೆ ಎಂದು ತನಗೇ ಹೇಳಿಕೊಂಡ. ಮುಖ ಮುಚ್ಚಲು ಸೂಟ್‌ಕೇಸಿನಿಂದ ಮಂಕಿ ಟೋಪಿ ತೆಗೆದು ಹಾಕಿಕೊಂಡ. ಮೆಟ್ಟಿಲಿಳಿಯುವಾಗ ನೆನಪಾಯಿತು: ಅದು ರಷ್ಯಾದ ಚಳಿಗೆಂದು ಅವ್ವ ಹತ್ತು ಅಂಗಡಿ ಹುಡುಕಿ ತಂದ ಟೋಪಿ. ಸಾವಿರ ತಲೆಗಳ ನಡುವೆಯೂ ಅವಳು ಅದನ್ನು ಗುರುತಿಸುತ್ತಾಳೆ. ವಾಪಸ್ಸು ಹೋಗಿ ಅದನ್ನು ಬಿಚ್ಚೆಸೆದು, ಬಡೇಸಾಬನ ಚೌಕುಳಿ ಟವೆಲ್ಲನ್ನು ತಲೆಗೆ ಸುತ್ತಿಕೊಂಡ.

ಗಾಡಿ ದೂಡುವಾಗ ಬಡೇಸಾಬ ಮಾತಾಡುತ್ತಲೇ ಇದ್ದ. ಉಪವಾಸವಿದ್ದವನು ಹೆಚ್ಚು ಮಾತಾಡುತ್ತಾನೆ. ಪ್ರಶಾಂತ ಹೂಂ ಅನ್ನುತ್ತಿದ್ದ. ಗಾಡಿಯ ಎಡಗಾಲಿ ಕಿರುಗುಟ್ಟುತ್ತಿತ್ತು, ಆ ಸದ್ದಿಗೆ ಅವನಿಗೆ ರಷ್ಯಾದ ಬೀದಿಯ ಟ್ರಾಮು ನೆನಪಾಯಿತು. ಅಲ್ಲಿಯೂ ಹೀಗೇ ತಿರುವಿನಲ್ಲಿ ಕಬ್ಬಿಣ ಕಿರುಚುತ್ತಿತ್ತು. ಒಂದು ಮಧ್ಯಾಹ್ನ ಇಳಿಯಬೇಕಾದ ನಿಲ್ದಾಣ ತಪ್ಪಿತ್ತು. ಪಕ್ಕದವರನ್ನು ಕೇಳಿದ್ದರೆ ಆಗುತ್ತಿತ್ತು. ಕೇಳಲು ಬೇಕಾದ ನಾಲ್ಕು ಮಾತು ಕ್ಲಾಸಿನಲ್ಲಿ ಕಲಿಸಿದ್ದರು, ಬಾಯಿಪಾಠವಾಗಿತ್ತು. ನಾಲಿಗೆ ಏಳಲಿಲ್ಲ. ಟ್ರಾಮು ಊರು ಸುತ್ತಿ ಬಂತು, ಮತ್ತೆ ಹೊರಟಿತು. ಮೂರು ಸುತ್ತಾದ ಮೇಲೆ ಟಿಕೆಟ್ ಕೊಡುವ ದಪ್ಪ ಹೆಂಗಸು ಅವನ ಮುಂದೆ ನಿಂತು ಏನೋ ಕೇಳಿದಳು. ಅವನು ಹಲ್ಲು ಕಿರಿದ. ಅವಳು ಅವನ ತೋಳು ಹಿಡಿದು, ಬೈಯಲಿಲ್ಲ, ಕಳೆದುಹೋದ ಮಗುವನ್ನು ಇಳಿಸುವ ಹಾಗೆ ಇಳಿಸಿದಳು. ಟ್ರಾಮಿನವರೆಲ್ಲ ಕಿಟಕಿಯಿಂದ ನೋಡಿದರು. ಬೈದಿದ್ದರೆ ಅವನು ಅಲ್ಲೇ ಉಳಿಯುತ್ತಿದ್ದನೋ ಏನೋ. ದಾವಣಗೆರೆಯಲ್ಲಿ ಅವನು ಎಂದೂ ಯಾರಿಗೂ ತನ್ನ ಹೆಸರು ಹೇಳಿದವನಲ್ಲ. ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ಕ್ಷೌರದಂಗಡಿಯಿಂದ ಕಾಲೇಜಿನ ಆಫೀಸಿನವರೆಗೆ, ಅವನು ಬಾಯಿ ತೆರೆಯುವ ಮೊದಲೇ “ಬಕ್ಕೇಶಪ್ಪನವರ ಮಗ ಅಲ್ಲೇನಪ್ಪಾ, ಬಾ ಕೂತ್ಕ” ಅನ್ನುತ್ತಿದ್ದರು. ಅಲ್ಲಿ ಹಾಸ್ಟೆಲ್ಲಿನ ಬಾಗಿಲಲ್ಲಿ ಕೂತ ಮುದುಕಿ, ದಿನಕ್ಕೆ ನಾಲ್ಕು ಸಲ ಅವನ ಮುಖ ನೋಡಿಯೂ, ನಾಲ್ಕೂ ಸಲ ಯಾರು ನೀನು ಎಂದು ಕೇಳುತ್ತಿದ್ದಳು. ಅವಳ ಕೆಲಸವೇ ಅದು ಎಂದು ಗೊತ್ತಿತ್ತು. ಆದರೂ ಪ್ರತಿ ಸಲ ಉತ್ತರ ಹೇಳುವಾಗ, ತಾನು ಯಾರೆಂಬುದಕ್ಕೆ ಸಾಕ್ಷಿ ಹೇಳಲು ಇಲ್ಲಿ ಒಬ್ಬನೂ ಇಲ್ಲವಲ್ಲ ಅನ್ನಿಸುತ್ತಿತ್ತು.

ಅದೇ ಹಾಸ್ಟೆಲ್ಲಿನಲ್ಲಿದ್ದ ಹನುಮೇಶನಿಗೆ ಹಾಗೆ ಆಗಲಿಲ್ಲ. ಹನುಮೇಶ ಹರಿಹರದಾಚೆಯ ಸಾರಥಿ ಎಂಬ ಹಳ್ಳಿಯವನು, ರೈತ ಸೂರಪ್ಪನ ಮಗ, ಸರ್ಕಾರದ ಸ್ಕಾಲರ್‌ಶಿಪ್ಪಿನಲ್ಲಿ ಬಂದವನು. ವಾರದೊಳಗೆ ಅವನು ಎಲೆಕೋಸು ಹೆಚ್ಚುತ್ತ ಅಡಿಗೆಮನೆಯ ಹೆಂಗಸರ ಜತೆ ತಮಾಷೆ ಮಾಡುತ್ತಿದ್ದ. ಹತ್ತು ಮಾತಿಗೆ ಒಂಬತ್ತು ತಪ್ಪು, ನಾಚಿಕೆ ಎಂಬುದಿಲ್ಲ. “ನಿಂಗೆ ಇದು ಮೊದಲನೇ ಪರದೇಶ ಕಣೋ,” ಅಂದಿದ್ದ ಒಮ್ಮೆ. “ನಂಗೆ ಎರಡನೇದು. ಸಾರಥಿಯಿಂದ ಹರಿಹರದ ಹೈಸ್ಕೂಲಿಗೆ ಬಂದ್ನಲ್ಲ, ಆವಾಗ್ಲೇ ಎಲ್ಲಾ ಆಗೋಗೈತೆ. ನಿಮ್ಮಂಥ ಪ್ಯಾಟಿ ಹುಡುಗ್ರು ನನ್ನ ಮಾತಿಗೆ ನಕ್ಕಿದ್ದಷ್ಟು ಈ ರಷ್ಯಾದೋರು ನಕ್ಕಿಲ್ಲ ಬಿಡು.” ಆ ಮಾತಿಗೆ ಪ್ರಶಾಂತನೂ ನಕ್ಕಿದ್ದ. ಆಮೇಲೆ ಎಷ್ಟೋ ಹೊತ್ತಿನ ಮೇಲೆ, ತಾನೂ ಆ ಪ್ಯಾಟಿ ಹುಡುಗರಲ್ಲಿ ಒಬ್ಬ ಎಂದು ಹೊಳೆದಿತ್ತು. ವಾಪಸ್ಸು ಹೊರಡುವ ಎರಡು ದಿನ ಮೊದಲು ಪ್ರಶಾಂತ ಮಂಚದ ಮೇಲೆ ಕೂತು ಎಂಟು ಕಾಗದ ಬರೆದ, ಎಲ್ಲ ಅವ್ವನಿಗೆ. ಹತ್ತು ದಿನಕ್ಕೊಂದರಂತೆ ಅಂಚೆಗೆ ಹಾಕು ಎಂದು ಹನುಮೇಶನ ಕೈಗಿತ್ತ. ಹನುಮೇಶ ಆ ಕಟ್ಟನ್ನು ಕೈಯಲ್ಲಿ ತೂಗಿ ನೋಡಿ, “ಇಷ್ಟು ಬರಿಯೋ ಹೊತ್ತಿನಾಗೆ ಇರಾದು ಕಲೀಬಹುದಿತ್ತು,” ಅಂದ. ಆದರೂ ಇಸಿದುಕೊಂಡ. ಅವ್ವ ಬರೆದ ಉತ್ತರಗಳೆಲ್ಲ ಅಲ್ಲಿಗೇ ಹೋಗಿ ಹನುಮೇಶನ ಮಂಚದ ಕೆಳಗೆ ಸೇರುತ್ತಿರಬೇಕು. ಈ ವಾರ ಎಂಟನೆಯದು ಅಂಚೆಗೆ ಬೀಳುತ್ತದೆ. ಇನ್ನು ಮೂರು ವಾರಕ್ಕೆ ಅದು ದಾವಣಗೆರೆಯ ಮನೆ ತಲುಪುತ್ತದೆ. ಅದಾದ ಮೇಲೆ ಮಗನಿಂದ ಕಾಗದ ಬರುವುದಿಲ್ಲ. ಅಷ್ಟರೊಳಗೆ ಮನೆಗೆ ಹೋಗಿ ನಿಲ್ಲಬೇಕು, ಇಲ್ಲವೇ ಇನ್ನೂ ದೂರ, ನಿಜವಾಗಿಯೂ ಯಾರಿಗೂ ಸಿಗದ ಹಾಗೆ ಹೋಗಬೇಕು. ಎರಡಕ್ಕೂ ಅವನಲ್ಲಿ ಕಸುವಿಲ್ಲ. ದಿನಾ ಬೆಳಿಗ್ಗೆ ನೋಟ್‌ಬುಕ್ಕು ಹಿಡಿದು ಹೊರಡುವಾಗ, ಇವತ್ತೊಂದು ದಿನ ಆಗಲಿ ಅನ್ನುತ್ತಾನೆ.

ದಂಡೆಯಲ್ಲಿ ಆಗಲೇ ಜನ ತುಂಬಿದ್ದರು. ಸೇತುವೆಯ ಕೆಳಗೆ ಗಾಡಿ ನಿಲ್ಲಿಸಿ ಪ್ರಶಾಂತ ಗಾಲಿಗೆ ಕಲ್ಲು ಕೊಟ್ಟ. ತಕ್ಷಣ ಹೊರಟುಬಿಡಬೇಕಿತ್ತು. ಕಂಬದ ಮರೆಯಲ್ಲಿ ನಿಂತು ನೋಡಿದ. ಹುಡುಕಬೇಕಾಗಲಿಲ್ಲ, ಅವರು ಪ್ರತಿ ವರ್ಷ ಕೂರುವ ಜಾಗದಲ್ಲೇ ಕೂತಿದ್ದರು. ಅದೇ ಹಸಿರು ಜಮಖಾನ. ಅಪ್ಪ ಸ್ನಾನ ಮುಗಿಸಿ ಹಣೆಗೆ ವಿಭೂತಿ ಬಳಿದುಕೊಂಡು, ಹೊಳೆಯ ಕಡೆ ಮುಖ ಮಾಡಿ ಲಿಂಗಪೂಜೆಗೆ ಕೂತಿದ್ದ. ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಸೊರಗಿದೆಯೇ ಎಂದು ನೋಡಿದ. ಸೊರಗಿರಲಿಲ್ಲ. ಅದರಿಂದ ಸಮಾಧಾನವಾಗುವ ಬದಲು ಸಣ್ಣಗೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯಾಯಿತು. ಅವ್ವ ಕಂಬಕ್ಕೆ ನಾಲ್ಕು ಮಾರು ದೂರದಲ್ಲಿ, ಒದ್ದೆ ಕೂದಲು ಬಿಟ್ಟುಕೊಂಡು, ಬುತ್ತಿಯ ಗಂಟು ಬಿಚ್ಚುತ್ತಿದ್ದಳು. ಅವಳ ಎದುರು ಕೂತವಳು ಹಳ್ಳಿಯ ಹೆಂಗಸು. ವಿಮಾನ ನಿಲ್ದಾಣಕ್ಕೆ ಬಸ್ಸು ಹತ್ತಿಸುವ ದಿನ ಒಮ್ಮೆ ನೋಡಿದ್ದ ಮುಖ. ಹನುಮೇಶನ ತಾಯಿ ಪುಟ್ಟಕ್ಕ.

“ಹೊಳೆ ಹೆಪ್ಪುಗಟ್ಟೈತಂತೆ ಪುಟ್ಟಕ್ಕ,” ಅವ್ವ ಹೇಳುತ್ತಿದ್ದಳು. “ಅದರ ಮ್ಯಾಲೇ ನಡ್ಕಂಡು ಕಾಲೇಜಿಗೆ ಹೋಗ್ತಾನಂತೆ.”

“ಕಾಲು ಜಾರಂಗಿಲ್ಲೇನ್ರಿ?”

“ಅದಕ್ಕೇ ಬ್ಯಾರೆ ಬೂಟು ಐತಂತೆ. ಮಗ್ಗುಲಾಗೇ ಒಬ್ಬ ಅಜ್ಜಿ ಅದಾಳಂತೆ, ಬೆಳಿಗ್ಗೆ ಬಾಗ್ಲಾಗೆ ಕುಂತು ಇವ್ನ ಹೆಸರು ಹಿಡಿದು ಕರೀತಾಳಂತೆ. ನೀನು ನನ್ನ ಮೊಮ್ಮಗ ಇದ್ದಂಗೆ ಅಂತಾಳಂತೆ. ಊರು ಹಿಡಿಸಿಬಿಟ್ಟೈತೆ ಬಿಡ್ರಿ ಅವನಿಗೆ.”

“ನಮ್ಮೋನು ಏನೂ ಬರಿಯಂಗಿಲ್ರಿ,” ಅಂದಳು ಪುಟ್ಟಕ್ಕ. “ಬಾಳ ಚಳಿ ಐತೆ, ಬ್ರೆಡ್ಡು ತಿಂತೀನಿ, ಆರಾಮದೀನಿ. ಮೂರೇ ಸಾಲು. ಓದೋರ ಕೈಲಿ ಇನ್ನೊಂದು ಸಲ ಓದು ಅಂತೀನಿ. ಎಷ್ಟು ಸಲ ಓದಿದ್ರೂ ಅಷ್ಟೇ ಐತೆ.”

“ನಮ್ಮೋನು ಮೊದಲಿಂದ್ಲೂ ಮಾತುಗಾರ,” ಅವ್ವ ನಕ್ಕಳು. “ಕೇಳ್ರಿ ಇಲ್ಲಿ, ಬದನೆಕಾಯಿ ಮುಟ್ತಿರಲಿಲ್ಲ ಅವನು. ಎಣ್ಣೆಗಾಯಿ ಮಾಡಿದ ದಿನ ತಾಟು ನೂಕಿ ಏಳ್ತಿದ್ದ. ಈಗ ಅಲ್ಲಿ ಬದನೆಕಾಯಿನೂ ತಿಂತೀನಿ ಅಂತ ಬರೆದಾನೆ. ಅದನ್ನ ಓದಿದ ದಿನ ನಂಗೆ ಧೈರ್ಯ ಬಂತು. ಬದನೆಕಾಯಿ ತಿನ್ನಾಕೆ ಕಲ್ತೋನು ಎಲ್ಲಾರೆ ಬದುಕ್ತಾನೆ.”

ಕಂಬದ ಕಲ್ಲಿಗೆ ಒರಗಿದ್ದ ಪ್ರಶಾಂತನ ಬೆನ್ನು ತಣ್ಣಗಾಗುತ್ತಿತ್ತು. ಹೆಪ್ಪುಗಟ್ಟಿದ ಹೊಳೆಯನ್ನು ಅವನು ನೋಡಿರಲಿಲ್ಲ. ಅವನು ಬಿಟ್ಟು ಬರುವಾಗ ಮೊದಲ ಹಿಮವೂ ಬಿದ್ದಿರಲಿಲ್ಲ. ಮಂಚದ ಮೇಲೆ ಕೂತು ತಾನು ಎಂಥವನಾಗಬೇಕಿತ್ತೋ ಅಂಥವನ ಬಗ್ಗೆ ಬರೆದಿದ್ದ. ಕಾಗದದ ಆ ಪ್ರಶಾಂತನಿಗೆ ಊರು ಹಿಡಿಸಿತ್ತು, ಮುದುಕಿಯರು ಅವನ ಹೆಸರು ಹಿಡಿದು ಕರೆಯುತ್ತಿದ್ದರು. ಈಗ ಆ ಪ್ರಶಾಂತ ಅವ್ವನ ಪಕ್ಕದಲ್ಲಿ ಜಮಖಾನದ ಮೇಲೆ ಕಾಲು ಚಾಚಿ ಕೂತಿದ್ದಾನೆ. ತಾನು ಕಂಬದ ಹಿಂದೆ ಇನ್ನೊಬ್ಬರ ಟವೆಲ್ಲು ಸುತ್ತಿಕೊಂಡು ನಿಂತಿದ್ದಾನೆ. ಕಾಗದದವನ ಮೇಲೆ ಹೊಟ್ಟೆಕಿಚ್ಚಾಯಿತು. ಡಿಸೆಂಬರಿನಲ್ಲಿ ಒಮ್ಮೆ ತಡೆಯಲಾಗದೆ, ಇದೇ ಊರಿನ ಬೂತಿನಿಂದ, ರಷ್ಯಾದಿಂದ ಮಾತಾಡುವವನಂತೆ ಮನೆಗೆ ಫೋನು ಮಾಡಿದ್ದ. “ಪಕ್ಕದ ಓಣಿಯಿಂದ ಮಾತಾಡಿದಂಗೆ ಕೇಳ್ತೈತಲ್ಲೋ,” ಅಂದಿದ್ದಳು ಅವ್ವ. ಹಿಂದಿನಿಂದ ಅಪ್ಪ, “ಈಗ ಲೈನು ಬಾಳ ಸುಧಾರಿಸ್ಯಾವೆ,” ಎಂದು ಹೆಮ್ಮೆಯಿಂದ ಹೇಳಿದ್ದು ಕೇಳಿಸಿತ್ತು.

ಅವ್ವ ಒಂದು ಸ್ಟೀಲಿನ ಡಬ್ಬಿ ತೆಗೆದು ರೊಟ್ಟಿ ಮಡಚಿ ಇಡತೊಡಗಿದಳು. ಅದೇನೆಂದು ಅವನಿಗೆ ಗೊತ್ತಿತ್ತು. ಅವರ ಮನೆಯ ಪದ್ಧತಿ. ಹಬ್ಬದ ದಿನ ಮನೆಯವರು ಯಾರಾದರೂ ಪರಸ್ಥಳದಲ್ಲಿದ್ದರೆ ಅವರ ಪಾಲು ಮೊದಲು ತೆಗೆಯಬೇಕು, ಅದನ್ನು ಪರಸ್ಥಳದಿಂದ ಬಂದ ಯಾರಿಗಾದರೂ ಉಣಿಸಬೇಕು, ಆಮೇಲೆ ಉಳಿದವರು ಬಾಯಿಗಿಡಬೇಕು. ಹೊರಗಿದ್ದವನ ಪಾಲು ಹೊರಗಿನವನಿಗೆ. ಚಿಕ್ಕಪ್ಪ ಮುಂಬಯಿಯಲ್ಲಿದ್ದಾಗ ಆ ಪಾಲು ಹಿಡಿದುಕೊಂಡು ಹೊರಗಿನವರನ್ನು ಹುಡುಕುವ ಕೆಲಸ ಅವನದೇ ಆಗಿತ್ತು. ಒಮ್ಮೆ ಯಾರೂ ಸಿಗದೆ ಲಾರಿ ಡ್ರೈವರನೊಬ್ಬನನ್ನು ಎಬ್ಬಿಸಿ ಉಣಿಸಿದ್ದ. ಅವ್ವ ಡಬ್ಬಿ ಹಿಡಿದು ಎದ್ದಳು. ಕಣ್ಣಿಗೆ ಕೈ ಅಡ್ಡ ಇಟ್ಟು ಸುತ್ತ ನೋಡುತ್ತ, ಮಂಡಕ್ಕಿ ಗಾಡಿಯ ಕಡೆಗೇ ಹೆಜ್ಜೆ ಹಾಕಿದಳು. ಪ್ರಶಾಂತ ಕಂಬದ ಆಚೆ ಸರಿದು, ತಿರುಗಿ ನೋಡದೆ, ಓಡಿದರೆ ಜನ ನೋಡುತ್ತಾರೆಂದು ಓಡದೆ, ದಡಬಡ ನಡೆದು ಕೋಣೆ ಸೇರಿ ಚಿಲಕ ಹಾಕಿಕೊಂಡ.

ಮಧ್ಯಾಹ್ನ ಬಾಗಿಲು ತೆಗೆದಾಗ ಬಡೇಸಾಬ ನಿಂತಿದ್ದ. ಬಿಸಿಲಿಗೆ ಮುಖ ಬಾಡಿತ್ತು. ಕೈಯಲ್ಲಿ ಸ್ಟೀಲಿನ ಡಬ್ಬಿ.

“ತಗಾ ಬೇಟಾ, ನಿನ್ನ ನಸೀಬು ಚಲೋ ಐತೆ,” ಅಂದ. “ದಾವಣಗೆರಿ ಅಮ್ಮ ಒಬ್ರು ಬಂದ್ರು. ಸಾಬ್ರೆ, ಈ ಕಡಿ ಯಾರಾದ್ರೂ ಪರಊರಿನ ಓದೋ ಹುಡುಗ್ರು ಅದಾರೇನ್ರಿ ಅಂತ ಕೇಳಿದ್ರು. ನಮ್ಮ ಮನ್ಯಾಗೇ ಒಬ್ಬ ಅದಾನ್ರಿ, ಬಳ್ಳಾರಿ ಹುಡುಗ ಅಂದೆ. ಅವರ ಮಗ ಬ್ಯಾರೆ ದೇಶದಾಗೆ ಅದಾನಂತೆ, ಪಾಪ. ನಮ್ಮ ಹುಡುಗನೂ ಯಾರದೋ ಮನ್ಯಾಗೆ ಉಣ್ತಿರ್ತಾನಲ್ರಿ ಅಂದ್ರು.”

ಪ್ರಶಾಂತ ಕೈ ಚಾಚಲಿಲ್ಲ. “ಹೆಸರು ಕೇಳಿದ್ರಾ?”

“ಕೇಳದೆ ಇರ್ತಾರಾ? ಬಕ್ಕೇಶ್ ಅಂದೆ. ಬಳ್ಳಾರಿನಾ ಅಂತ ಇನ್ನೊಂದ್ ಸಲ ಕೇಳಿದ್ರು. ಹೂಂ ಅಂದೆ. ಎಷ್ಟು ದಿನ ಆತು ಬಂದು ಅಂದ್ರು. ದೀವಳಿಗಿ ಆದ ಮ್ಯಾಲೆ ಅಂದೆ. ಆಮೇಲೆ ವಾಪಸ್ ಹೋಗಿ, ಡಬ್ಬಿ ಬಿಚ್ಚಿ ಇನ್ನೇನೋ ಹಾಕ್ಕಂಡು ಬಂದ್ರು. ಡಬ್ಬಿ ಮಾತ್ರ ಆ ಹುಡುಗನೇ ತರಬೇಕು ನೋಡ್ರಿ, ನಾಲ್ಕು ಗಂಟಿತನಕ ಇಲ್ಲೇ ಇರ್ತೀವಿ ಅಂದ್ರು.”

ಬಡೇಸಾಬ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಇಳಿದುಹೋದ. ಪ್ರಶಾಂತ ಅದನ್ನು ನೋಡುತ್ತ ನಿಂತ. ಬಕ್ಕೇಶ್ವರ ದಾವಣಗೆರೆಯ ದೇವರು. ಮಠವಿರುವುದು ಅಲ್ಲಿ. ಆ ಹೆಸರಿನ ಗಂಡಸರು ಓಣಿಗೊಬ್ಬರಂತೆ ಸಿಗುವುದು ಅಲ್ಲಿ. ಬಳ್ಳಾರಿಯಲ್ಲಿ ಯಾವ ತಾಯಿ ತನ್ನ ಮಗನಿಗೆ ಬಕ್ಕೇಶ್ ಎಂದು ಹೆಸರಿಟ್ಟಾಳು? ಬಡೇಸಾಬನಿಗೆ ಅದು ಎಲ್ಲ ಹೆಸರುಗಳ ಹಾಗೆ ಒಂದು ಹೆಸರು. ಅವ್ವನಿಗೆ ಹಾಗಲ್ಲ. ಅವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವಳಲ್ಲ. ಆ ಹೆಸರು ಕಿವಿಗೆ ಬಿದ್ದರೆ ತಲೆ ಎತ್ತಿ ನೋಡುವವಳು. ಊರನ್ನು ಬಚ್ಚಿಟ್ಟವನು ಹೆಸರಿನಲ್ಲಿ ಊರನ್ನೇ ಹೊತ್ತುಕೊಂಡು ತಿರುಗಿದ್ದ. ಸೂಟ್‌ಕೇಸು ಎತ್ತಿಕೊಂಡು ಈಗಲೇ ಹೊರಡಬಹುದು. ಮೂರು ಗಂಟೆಗೆ ಹುಬ್ಬಳ್ಳಿ ಕಡೆಗೆ ಬಸ್ಸಿದೆ. ಅವನು ಸೂಟ್‌ಕೇಸನ್ನು ಮಂಚದ ಕೆಳಗಿಂದ ಎಳೆದ. ವಿಮಾನದವರು ಅಂಟಿಸಿದ ಚೀಟಿ ಹಿಡಿಕೆಯಲ್ಲಿ ಇನ್ನೂ ನೇತಾಡುತ್ತಿತ್ತು. ಅದನ್ನು ಯಾಕೆ ಹರಿದು ಹಾಕಲಿಲ್ಲ ಎಂದು ಅವನಿಗೇ ಗೊತ್ತಿರಲಿಲ್ಲ.

ಆಮೇಲೆ ಡಬ್ಬಿ ತೆರೆದ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಪುಡಿ, ಒಂದು ಪೊಟ್ಟಣದಲ್ಲಿ ಎಳ್ಳುಬೆಲ್ಲ. ಎಲ್ಲದರ ಮೇಲೆ, ಕೊನೆಗೆ ತಂದು ಹಾಕಿದ್ದು ಇದೇ ಎಂದು ಗೊತ್ತಾಗುವ ಹಾಗೆ, ಬಾಳೆಲೆಯ ತುಂಡಿನಲ್ಲಿ ಎಣ್ಣೆಗಾಯಿ. ಬದನೆಕಾಯಿ, ತೊಟ್ಟಿನ ಸಮೇತ, ನಾಲ್ಕು. ಎಣ್ಣೆ ಇಳಿದು ರೊಟ್ಟಿಗೆ ಹತ್ತಿತ್ತು. ಚಿಕ್ಕಂದಿನಿಂದ ಅವನಿಗೆ ಆ ಮೆತ್ತಗಿನ ತಿರುಳು ನಾಲಿಗೆಗೆ ತಾಗಿದರೆ ಹೊಟ್ಟೆ ತೊಳಸುತ್ತಿತ್ತು. ರಷ್ಯಾದ ಮಂಚದ ಮೇಲೆ ಕೂತು ಬರೆಯುವಾಗ, ಯಾವ ಸುಳ್ಳು ಹೇಳಿದರೆ ಅವ್ವ ನಿಶ್ಚಿಂತಳಾಗುತ್ತಾಳೆ ಎಂದು ಯೋಚಿಸಿ ಬರೆದ ಸಾಲು ಅದು. ಮಿಕ್ಕ ಸುಳ್ಳುಗಳು ದೂರದ ಊರಿನವು, ಅಲ್ಲಿ ಯಾರೂ ಪರೀಕ್ಷೆ ಮಾಡುವಂತಿರಲಿಲ್ಲ. ಇದೊಂದು ತನ್ನ ಬಾಯಿಯೊಳಗಿನದು.

ಅವನು ನೆಲಕ್ಕೆ ಕೂತು ರೊಟ್ಟಿ ಮುರಿದ. ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು. ಎರಡನೆಯದನ್ನು ಅಗಿಯದೆ ನುಂಗಿದ. ಮೂರನೆಯ ಹೊತ್ತಿಗೆ ಅದು ಬರೀ ಉಪ್ಪು ಹುಳಿ ಖಾರದ ಒಂದು ಪದಾರ್ಥವಾಯಿತು. ನಾಲ್ಕನ್ನೂ, ಡಬ್ಬಿಯಲ್ಲಿದ್ದ ಮಿಕ್ಕಿದ್ದನ್ನೂ ತಿಂದ. ತೊಟ್ಟುಗಳನ್ನು ಸಾಲಾಗಿ ಪಕ್ಕಕ್ಕಿಟ್ಟ. ಆಮೇಲೆ ಕೈ ತಾನಾಗಿ ಹೋಗಿ ಹೂಜಿಯಿಂದ ಡಬ್ಬಿಗೆ ನೀರು ಹಾಕಿತು, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನು ಎತ್ತಿ ಕುಡಿದ. ಅಪ್ಪ ಹಾಗೇ ಕುಡಿಯುವುದು, ಪ್ರಸಾದದ ಒಂದು ಅಗುಳೂ ವ್ಯರ್ಥವಾಗಬಾರದೆಂದು. ಅಲ್ಲಿನ ಕ್ಯಾಂಟೀನಿನಲ್ಲಿ ಒಂದು ದಿನ, ಮೈಮರೆತು, ಸೂಪಿನ ಬಟ್ಟಲನ್ನು ಹೀಗೆ ತೊಳೆದು ಕುಡಿದಿದ್ದ. ಎದುರಿಗೆ ಕೂತ ಹುಡುಗಿ ಚಮಚ ಕೆಳಗಿಟ್ಟು ಎದ್ದುಹೋಗಿದ್ದಳು. ಆವತ್ತಿನಿಂದ ಅವನು ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಿದ್ದ. ಈಗಲೂ ಗೋಡೆಯ ಕಡೆಗೇ ಕೂತಿದ್ದೇನೆ ಎಂದು ಗಮನಿಸಿದ.

ಮೆಟ್ಟಿಲಿಳಿದಾಗ ಖತೀಜಾಬೀ ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದಳು. “ಹಿಂಗೇ ಒಯ್ತೀಯಾ? ಉಂಡ ಡಬ್ಬಿ ಖಾಲಿ ಕೊಡಬಾರ್ದಪ್ಪ. ನಿಮ್ಮ ತಾಯಿ ಕಲಿಸಿಲ್ಲೇನು?” ಅಂದಳು. ಸಂಜೆ ರೋಜಾ ಬಿಡಲೆಂದು ತಂದಿಟ್ಟ ಖರ್ಜೂರದಲ್ಲಿ ಒಂದು ಹಿಡಿ ಹಾಕಿದಳು. ಅವನು ತಲೆ ಬಗ್ಗಿಸಿ, “ಕಲಿಸ್ಯಾರೆ,” ಅಂದ. ಟವೆಲ್ಲನ್ನು ಅವಳ ಕೈಗೆ ಕೊಟ್ಟು ಬರಿತಲೆಯಲ್ಲಿ ಹೊರಬಿದ್ದ.

ದಂಡೆ ಖಾಲಿಯಾಗುತ್ತಿತ್ತು. ಎಂಜಲೆಲೆಗಳ ಮೇಲೆ ಕಾಗೆ ಕೂತಿದ್ದವು. ಅಪ್ಪನ ಅಂಗಡಿಯ ಟೆಂಪೊ ಏರಿನ ಮೇಲೆ ನಿಂತಿತ್ತು. ಡ್ರೈವರ್ ಚಹಾಕ್ಕೆ ಹೋಗಿರಬೇಕು, ನೆರೆಮನೆಯ ಹೆಂಗಸರು ಇನ್ನೂ ನೀರಿನಲ್ಲಿ ಪಾತ್ರೆ ಗಲಬರಿಸುತ್ತಿದ್ದರು. ಅಪ್ಪ ಮುಂದಿನ ಸೀಟಿನಲ್ಲಿ ಕೂತು ತೂಕಡಿಸುತ್ತಿದ್ದ. ಅವ್ವ ಒಬ್ಬಳೇ ಹಿಂದೆ, ಜಮಖಾನದ ಮೇಲೆ, ಪಕ್ಕದಲ್ಲಿ ಬುತ್ತಿಯ ಬುಟ್ಟಿ ಇಟ್ಟುಕೊಂಡು ದಾರಿಯನ್ನೇ ನೋಡುತ್ತಿದ್ದಳು. ಅವನು ಬರುವುದನ್ನು ಅವಳು ದೂರದಿಂದಲೇ ನೋಡಿದಳು. ಏಳಲಿಲ್ಲ, ಕೂಗಲಿಲ್ಲ. ಹತ್ತಿರ ಬಂದ ಮೇಲೆ ಕೈ ಚಾಚಿ ಮೊದಲು ಡಬ್ಬಿ ಇಸಿದುಕೊಂಡಳು. ಮುಚ್ಚಳ ತೆಗೆದು ಖರ್ಜೂರ ನೋಡಿ ಮತ್ತೆ ಮುಚ್ಚಿದಳು. ಅವಳ ಬೆರಳುಗಳು ಮುಚ್ಚಳವನ್ನು ಒತ್ತುತ್ತಲೇ ಇದ್ದವು, ಅದು ಗಟ್ಟಿಯಾಗಿ ಕೂತಿದ್ದರೂ.

“ಬದನೆಕಾಯಿ ಉಂಡ್ಯಾ?”

“ಉಂಡೆ.”

“ಸುಳ್ಳು ಹೇಳಬ್ಯಾಡ.”

“ಇಲ್ಲವ್ವಾ. ನಾಲ್ಕೂ ಉಂಡೆ.”

ಅವಳು ಅವನ ಮುಖವನ್ನು ತುಣುಕು ತುಣುಕಾಗಿ ನೋಡಿದಳು: ಹಣೆ, ಕೆನ್ನೆಯ ಎಲುಬು, ಬೆಳೆದ ಗಡ್ಡ. ಮನೆಗೆ ಬಂದ ಕಾಗದಗಳಲ್ಲಿ ಬರೆದದ್ದರಲ್ಲಿ ಯಾವುದು ಈ ಮುಖಕ್ಕೆ ಹೊಂದುತ್ತದೆ ಎಂದು ಹುಡುಕುವವಳ ಹಾಗೆ.

“ಯಾರೇ ಅದು?” ಮುಂದಿನಿಂದ ಅಪ್ಪನ ದನಿ. ಅವನು ತಿರುಗಿರಲಿಲ್ಲ.

“ಡಬ್ಬಿ ತಂದಾನ್ರಿ,” ಅಂದಳು ಅವ್ವ. “ಸಾಬರ ಮನಿ ಹುಡುಗ. ಬಳ್ಳಾರಿ ಕಡೆಯೋನಂತೆ.” ಹೇಳುವಾಗ ಅವಳ ಕಣ್ಣು ಪ್ರಶಾಂತನ ಮೇಲೇ ಇತ್ತು. ಅದರಲ್ಲಿ ಸಿಟ್ಟೂ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ಬೇಕಿದ್ದರೆ ಹೋಗು, ನಾನು ಇಷ್ಟು ಹೊತ್ತು ಹಿಡಿದುಕೊಂಡಿರಬಲ್ಲೆ ಎಂದು ಬಾಗಿಲು ಮುಚ್ಚದಂತೆ ಒಂದು ಕೈಯಲ್ಲಿ ತಡೆದು ನಿಂತವಳ ಹಾಗಿದ್ದಳು.

“ಹೊಟ್ಟೆತುಂಬ ಉಂಡನಂತಾ?”

“ಉಂಡನಂತೆ.”

“ಚಲೋ ಆತು.” ಅಪ್ಪ ಆಕಳಿಸಿದ. “ಎಲ್ಲಿದ್ರೂ ನಮ್ಮೋನಿಗೆ ಮುಟ್ಟಿದಂಗೇ. ಹೆಸರೇನಂತಪ್ಪಾ ನಿಂದು?”

ಅವ್ವ ಡಬ್ಬಿಯನ್ನು ಬುಟ್ಟಿಗೆ ಸೇರಿಸಿದಳು. ದಂಡೆಯ ಮೇಲೆ ಪಾತ್ರೆಗಳ ಸದ್ದು ಕೇಳುತ್ತಿತ್ತು. ಹಾಸ್ಟೆಲ್ಲಿನ ಬಾಗಿಲಲ್ಲಿ ಕೂತ ಮುದುಕಿಯ ಮುಖ, ಅವಳು ಚಾಚಿದ ಕೈ, ತನ್ನ ಹಿಂದೆ ಕಾಯುತ್ತ ನಿಂತ ಸಾಲು ಒಂದು ಕ್ಷಣ ಕಣ್ಣ ಮುಂದೆ ಬಂದವು. ಬಾಯಲ್ಲಿ ಇನ್ನೂ ಬದನೆಕಾಯಿಯ ರುಚಿಯಿತ್ತು.

“ಪ್ರಶಾಂತ,” ಅಂದ. ದನಿ ತನಗೇ ಕೇಳಿಸಲಿಲ್ಲ. ಇನ್ನೊಂದು ಸಲ ಗಟ್ಟಿಯಾಗಿ ಹೇಳಿದ: “ಪ್ರಶಾಂತ ಅಂತ್ರಿ. ಮಂಡಿಪೇಟಿ ಬಕ್ಕೇಶಪ್ಪನವರ ಮಗ.”

ಮುಂದಿನ ಸೀಟಿನಲ್ಲಿ ಅಪ್ಪನ ಕತ್ತು ಅಲುಗಾಡದೆ ನಿಂತಿತು. ಅವ್ವ ಪಕ್ಕದಲ್ಲಿದ್ದ ಬುಟ್ಟಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಅವನಿಗೆ ಜಾಗ ಮಾಡಿದಳು.